ಎತ್ತರಕ್ಕಾಗಿ ಕಾಲು ಉದ್ದ ಮಾಡಿಸುವ ಶಸ್ತ್ರಚಿಕಿತ್ಸೆ: ವಿದೇಶದಲ್ಲಿ ಎಷ್ಟು ದಿನ ಇರಬೇಕು, ಏನೇನು ನೋಡಿಕೊಳ್ಳಬೇಕು?

ಅಳತೆಪಟ್ಟಿ

ಮಾಡಿಸಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ, ಅದಕ್ಕೆ ಬೇರೆ ಎಳೆ ಇದೆ. ಇಲ್ಲಿ ಚೇತರಿಕೆ ಬಗ್ಗೆ ಮಾತ್ರ ಕೇಳುತ್ತಿದ್ದೇನೆ.

ಎರಡೂ ತೊಡೆಮೂಳೆ, ಒಳಗೆ ಮ್ಯಾಗ್ನೆಟ್‌ನಿಂದ ಉದ್ದವಾಗುವ ರಾಡ್, ಗುರಿ 6 ಸೆಂ.ಮೀ. ಆಸ್ಪತ್ರೆ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ದೇಶವೊಂದರಲ್ಲಿದೆ. ಆಸ್ಪತ್ರೆಯಲ್ಲಿ ಕೆಲವು ದಿನ, ಪಕ್ಕದ ಹೋಟೆಲ್‌ನಲ್ಲಿ ಮೂರು ವಾರ, ಆಮೇಲೆ ಉದ್ದ ಮಾಡುವ ಯಂತ್ರವನ್ನು ಕೈಗೆ ಕೊಟ್ಟು ಸ್ವದೇಶಕ್ಕೆ ಕಳಿಸುವುದು, ಇಂಥ ಪ್ಯಾಕೇಜ್‌ಗಳು ತುಂಬಾ ಕಾಣುತ್ತಿವೆ. ಮೂರು ವಾರ ಸಾಕಾ? ತಿಳಿದವರು ದಯವಿಟ್ಟು ಲೆಕ್ಕ ಸಮೇತ ಹೇಳಿ.

ಮೂಳೆಮಾತು

ಸಾಲದು. ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತದೆ.

ಈ ಚಿಕಿತ್ಸೆಯಲ್ಲಿ ಮೂಳೆಯನ್ನು ಕತ್ತರಿಸಿ, ಎರಡು ತುಂಡುಗಳನ್ನು ನಿಧಾನವಾಗಿ ದೂರಕ್ಕೆ ಎಳೆಯುತ್ತಾರೆ, ನಡುವಿನ ಅಂತರದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಕತ್ತರಿಸಿದ ದಿನವೇ ಎಳೆಯಲು ಶುರು ಮಾಡುವುದಿಲ್ಲ. ಕತ್ತರಿಸಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಅದರೊಳಗೆ ಸಣ್ಣ ರಕ್ತನಾಳಗಳು ಮೂಡಲು 5ರಿಂದ 7 ದಿನ ಬಿಡುತ್ತಾರೆ. ಆಮೇಲೆ ತೊಡೆಮೂಳೆಗೆ ದಿನಕ್ಕೆ 1 ಮಿ.ಮೀ., ಅದನ್ನೂ ಒಂದೇ ಸಲಕ್ಕೆ ಅಲ್ಲ, ಮೂರು ನಾಲ್ಕು ಕಂತಿನಲ್ಲಿ. 6 ಸೆಂ.ಮೀ.ಗೆ 60 ದಿನ, ಮೊದಲ ವಾರ ಸೇರಿ 67. ಇದು ಎಲ್ಲವೂ ಸಲೀಸಾಗಿ ನಡೆದರೆ. ಮಂಡಿ ಬಿಗಿಯಾಯಿತು, ಹೊಸ ಮೂಳೆ ತೆಳುವಾಯಿತು ಎಂದು ವೇಗವನ್ನು 0.75ಕ್ಕೆ ಇಳಿಸಿದರೆ 80 ದಿನ, ಮೊದಲ ವಾರ ಸೇರಿ 87. ನಡುವೆ ಒಂದು ವಾರ ನಿಲ್ಲಿಸಿದರೆ 94. ವೇಗ ಇಳಿಸುವುದು, ನಿಲ್ಲಿಸುವುದು ಈ ಚಿಕಿತ್ಸೆಯಲ್ಲಿ ಅಪರೂಪವೇನಲ್ಲ. ಹಾಗಾಗಿ 67ನ್ನು ನಂಬಿ ಟಿಕೆಟ್ ಮಾಡಿಸಬೇಡಿ.

ಬೇಗ ಮುಗಿಯಲಿ ಎಂದು ವೇಗ ಹೆಚ್ಚಿಸಲು ಬರುವುದಿಲ್ಲವೇ ಎಂದು ಮುಂದೆ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಸೈಬೀರಿಯಾದ ಕುರ್ಗಾನ್‌ನಲ್ಲಿ ಮೂಳೆವೈದ್ಯ ಗಾವ್ರಿಲ್ ಇಲಿಜಾರೋವ್ ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ದಿನಕ್ಕೆ 0.5, 1 ಮತ್ತು 2 ಮಿ.ಮೀ. ವೇಗಗಳನ್ನು ಹೋಲಿಸಿ ನೋಡಿದರು. 0.5ರಲ್ಲಿ ಮೂಳೆ ಅವಧಿಗೆ ಮುಂಚೆ ಕೂಡಿಕೊಳ್ಳುವ ಅಪಾಯ, 2ರಲ್ಲಿ ಮೂಳೆಯೂ ಸರಿಯಾಗಿ ಬೆಳೆಯಲಿಲ್ಲ, ಸುತ್ತಲಿನ ಸ್ನಾಯು, ನರಗಳಿಗೂ ಪೆಟ್ಟು. ಒಂದೇ 1 ಮಿ.ಮೀ.ಯನ್ನು ಹೆಚ್ಚು ಕಂತುಗಳಾಗಿ ಒಡೆದಷ್ಟೂ ಫಲ ಚೆನ್ನಾಗಿತ್ತು. ಇವತ್ತಿನ ದುಬಾರಿ ರಾಡ್‌ಗಳೂ ನಡೆಯುವುದು ಇದೇ ಲೆಕ್ಕದ ಮೇಲೆ. ರಾಡ್ ಹೊಸದಾಗಿರಬಹುದು, ಮೂಳೆ ಬೆಳೆಯುವ ವೇಗ ಹಳೆಯದೇ.

ಎಳೆಯುವ ಹಂತ ಮುಗಿದ ಮೇಲೆ ಗಟ್ಟಿಯಾಗುವ ಹಂತ. ಅದಕ್ಕೆ ಎಳೆದ ದಿನಗಳ ಎರಡರಷ್ಟಾದರೂ ಬೇಕು. ಆ ಹಂತವನ್ನು ಸ್ವದೇಶದಲ್ಲಿ ಕಳೆಯಬಹುದು. ಎಳೆಯುವ ಹಂತವನ್ನು ಮಾತ್ರ ಕೊನೆಯ ದಿನದವರೆಗೂ, ಅದರ ನಂತರದ ಎಕ್ಸ್‌ರೇವರೆಗೂ, ಕತ್ತರಿಸಿದ ವೈದ್ಯರ ಕೈಗೆಟಕುವ ದೂರದಲ್ಲೇ ಕಳೆಯಬೇಕು.

ಪಾಸ್‌ಪೋರ್ಟ್_ಪುಟ

ಆ 94ಕ್ಕೆ ಇನ್ನೊಂದು ಲೆಕ್ಕ ಸೇರಿಸಿ. ಷೆಂಗೆನ್ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನದ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ. ಹಿಂದಿನ ಆರು ತಿಂಗಳಲ್ಲಿ ವೈದ್ಯರನ್ನು ಕಾಣಲು ಒಮ್ಮೆ ಹೋಗಿ ಬಂದಿದ್ದರೆ ಆ ದಿನಗಳೂ ಕಳೆಯುತ್ತವೆ. ಪಕ್ಕದ ಷೆಂಗೆನ್ ದೇಶಕ್ಕೆ ಹೋದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಗಳಿಗೆ ಬೇಕಾದ ದಿನಗಳನ್ನೂ ಇದರಲ್ಲೇ ಹೊಂದಿಸಬೇಕು.

ಅವಧಿ ವಿಸ್ತರಣೆ ಸಿಗುವುದು ಅನಿವಾರ್ಯ ಅಥವಾ ಮಾನವೀಯ ಕಾರಣಗಳಿಗೆ. ಮೊದಲೇ ಗೊತ್ತಿದ್ದ ಚಿಕಿತ್ಸೆ ನಿಧಾನವಾಯಿತು ಎಂಬುದನ್ನು ಅಧಿಕಾರಿ ಒಪ್ಪಿಯೇ ಒಪ್ಪುತ್ತಾರೆ ಅಂತಿಲ್ಲ. ಆದ್ದರಿಂದ ತೊಡೆಗೆ 5 ಸೆಂ.ಮೀ. ಮೀರಿದ ಗುರಿ ಇದ್ದರೆ, ಹೊರಡುವ ಮುಂಚೆಯೇ ಆಸ್ಪತ್ರೆಯ ಪತ್ರ ಹಿಡಿದು ಆಯಾ ದೇಶದ ಡಿ ವರ್ಗದ ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕುವುದೇ ಸರಿ. ಜೊತೆಗೆ ಬರುವವರಿಗೂ ಅಷ್ಟೇ ಅವಧಿಯ ವೀಸಾ ಬೇಕು, ಇದನ್ನು ಹಲವರು ಮರೆಯುತ್ತಾರೆ. ನಡೆಯಲಾಗದ ವ್ಯಕ್ತಿಯೊಬ್ಬರನ್ನೇ ಬಿಟ್ಟು ಜೊತೆಗಾರರು ವಾಪಸ್ ಬರಬೇಕಾದ ಪರಿಸ್ಥಿತಿ ಅದರಿಂದಲೇ ಬರುವುದು.

ಇನ್ನು ವಿಮೆ. ಸಾಮಾನ್ಯ ಪ್ರವಾಸ ವಿಮೆ ಸೌಂದರ್ಯಕ್ಕಾಗಿ ಮಾಡಿಸಿದ ಶಸ್ತ್ರಚಿಕಿತ್ಸೆಯನ್ನಾಗಲೀ ಅದರಿಂದ ಹುಟ್ಟಿದ ತೊಂದರೆಯನ್ನಾಗಲೀ ಭರಿಸುವುದಿಲ್ಲ. ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಐಸಿಯು ಸೇರಿದರೂ 'ಇದು ಶಸ್ತ್ರಚಿಕಿತ್ಸೆಯಿಂದಲೇ ಆದದ್ದು' ಎಂದು ಕೈತೊಳೆದುಕೊಳ್ಳಬಹುದು. ಪಾಲಿಸಿಯ ಹೊರಗಿಟ್ಟ ಸಂಗತಿಗಳ ಪುಟವನ್ನು ಓದಿ. ಮರುಶಸ್ತ್ರಚಿಕಿತ್ಸೆ ಬೇಕಾದರೆ ಖರ್ಚು ಯಾರದು ಎಂಬುದನ್ನು ಆಸ್ಪತ್ರೆಯಿಂದ ಬರಹದಲ್ಲೇ ತೆಗೆದುಕೊಳ್ಳಿ.

ಅಳತೆಪಟ್ಟಿ

ವೀಸಾ ವಿಷಯ ತಲೆಗೇ ಬಂದಿರಲಿಲ್ಲ, ಧನ್ಯವಾದ. ಆದರೆ ಒಂದು ಸಂದೇಹ ಉಳಿದಿದೆ. ಯಂತ್ರವನ್ನು ತೊಡೆಯ ಮೇಲಿಟ್ಟು ಗುಂಡಿ ಒತ್ತುವುದಷ್ಟೇ ಅಲ್ಲವೇ ಕೆಲಸ? ಮನೆಯಲ್ಲಿ ಒತ್ತಿದರೆ ಏನು ವ್ಯತ್ಯಾಸ?

ಮೂಳೆಮಾತು

ಗುಂಡಿ ಒತ್ತುವುದು ಮನೆಯಲ್ಲೂ ಆಗುತ್ತದೆ. ಒತ್ತಿದ್ದು ಒಳಗೆ ಫಲಿಸಿದೆಯೇ ಎಂದು ನೋಡಿ, ಫಲಿಸದಿದ್ದರೆ ಎರಡು ದಿನದೊಳಗೆ ಏನಾದರೂ ಮಾಡಬಲ್ಲವರು ಪಕ್ಕದಲ್ಲಿರಬೇಕು.

ನೀವು ಹೇಳಿದಂಥ ಮ್ಯಾಗ್ನೆಟ್ ರಾಡ್‌ಗಳಲ್ಲಿ ಒಂದಾದ ಪ್ರೆಸೈಸ್ ಮಾದರಿಯ ರಾಡ್‌ನೊಳಗೆ ಒಂದು ಪುಟ್ಟ ಅಯಸ್ಕಾಂತ, ಅದಕ್ಕೆ ಹೊಂದಿದ ಗೇರು, ತಿರುಪು ಇರುತ್ತದೆ. ಹೊರಗಿನ ಯಂತ್ರದಲ್ಲಿ ತಿರುಗುವ ಎರಡು ದೊಡ್ಡ ಅಯಸ್ಕಾಂತ. 1 ಮಿ.ಮೀ.ಗೆ ಸುಮಾರು 7 ನಿಮಿಷ ಹಿಡಿಯುತ್ತದೆ. ಒಳಗಿನ ಅಯಸ್ಕಾಂತ ಎಲ್ಲಿದೆ ಎಂದು ಆಪರೇಷನ್ ದಿನವೇ ಎಕ್ಸ್‌ರೇ ನೋಡಿ ಚರ್ಮದ ಮೇಲೆ ಗುರುತು ಹಾಕಿರುತ್ತಾರೆ. ಆ ಗುರುತು ಸ್ನಾನದಲ್ಲಿ ಅಳಿದು, ಅಂದಾಜಿನಲ್ಲಿ ಕೆಲವು ಸೆಂ.ಮೀ. ಆಚೆ ಇಟ್ಟರೆ ಯಂತ್ರ ತಿರುಗುತ್ತದೆ, ಪರದೆಯ ಮೇಲೆ 1 ಮಿ.ಮೀ. ಎಂದೂ ಬರುತ್ತದೆ, ಒಳಗೆ ಮಾತ್ರ ಏನೂ ಆಗಿರುವುದಿಲ್ಲ. ತೊಡೆ ದಪ್ಪವಿದ್ದು ಎರಡು ಅಯಸ್ಕಾಂತಗಳ ನಡುವಿನ ದೂರ ಹೆಚ್ಚಾದರೂ ಇದೇ ಕಥೆ. ಯಂತ್ರವನ್ನು ತಲೆಕೆಳಗಾಗಿ ಹಿಡಿದರಂತೂ ರಾಡ್ ಉದ್ದವಾಗುವ ಬದಲು ಗಿಡ್ಡವಾಗುತ್ತದೆ. ಅದಕ್ಕೇ ಅದರ ಮೇಲಿನ ಬಾಣದ ಗುರುತು ಪಾದದ ಕಡೆಗೋ ಸೊಂಟದ ಕಡೆಗೋ ಎಂದು ನಿಮ್ಮ ರಾಡ್‌ಗೆ ತಕ್ಕಂತೆ ಬರೆಸಿಕೊಂಡು ಗೋಡೆಗೆ ಅಂಟಿಸಿಡಬೇಕು. ಹೃದಯಕ್ಕೆ ಪೇಸ್‌ಮೇಕರ್ ಇರುವವರು ಆ ಯಂತ್ರದ ಹತ್ತಿರ ಬರಕೂಡದು.

ಉದ್ದವಾಗದೆ ನಾಲ್ಕೈದು ದಿನ ಕಳೆದರೆ ಮೂಳೆ ಕೂಡಿಕೊಳ್ಳಲು ಶುರುವಾಗುತ್ತದೆ. ಪೂರ್ತಿ ಕೂಡಿಕೊಂಡರೆ ಮತ್ತೆ ಕತ್ತರಿಸಬೇಕು. ಇದರ ಉಲ್ಟಾ, ಹೊಸ ಮೂಳೆ ತೆಳುವಾಗಿ ನಡುವೆ ಡಮರುಗದ ಹಾಗೆ ಕುಗ್ಗಿ ಕಂಡರೆ ವೇಗ ಇಳಿಸಬೇಕು, ಇಲ್ಲ ನಿಲ್ಲಿಸಬೇಕು, ಕೆಲವೊಮ್ಮೆ ಸ್ವಲ್ಪ ಹಿಂದಕ್ಕೆ ತಂದು ಮತ್ತೆ ಎಳೆಯಬೇಕು. ಈ ತೀರ್ಮಾನಗಳಿಗೆ 7ರಿಂದ 14 ದಿನಕ್ಕೊಮ್ಮೆ ಎಕ್ಸ್‌ರೇ ಬೇಕು, ಮುಂದಿನಿಂದ ಒಂದು, ಪಕ್ಕದಿಂದ ಒಂದು.

ಎಕ್ಸ್‌ರೇಯಲ್ಲಿ ಅಂತರ ಅಳೆಯುವಾಗ ಒಂದು ತಪ್ಪು ಎಲ್ಲ ಕಡೆ ಕಾಣುತ್ತದೆ. ಚಿತ್ರದಲ್ಲಿ ಎಲ್ಲವೂ ನಿಜಕ್ಕಿಂತ ದೊಡ್ಡದಾಗಿ ಬೀಳುತ್ತದೆ. ರಾಡ್‌ನ ದಪ್ಪ ಗೊತ್ತಿರುವುದರಿಂದ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. 10.7 ಮಿ.ಮೀ. ರಾಡ್ ಚಿತ್ರದಲ್ಲಿ 12.3 ಇದೆ, ಅಂತರ 46 ಕಾಣುತ್ತಿದೆ ಅಂದುಕೊಳ್ಳಿ. 46ನ್ನು 10.7ರಿಂದ ಗುಣಿಸಿ 12.3ರಿಂದ ಭಾಗಿಸಿದರೆ 40. ನಿಜವಾದ ಅಂತರ 40 ಮಿ.ಮೀ. ದಿನಚರಿಯಲ್ಲಿ ಒತ್ತಿದ ಲೆಕ್ಕವೂ 40 ಆಗಿದ್ದರೆ ಸರಿ. 46 ಬಂದಿದ್ದರೆ ಎಲ್ಲೋ 6 ಮಿ.ಮೀ. ತಪ್ಪಿದೆ ಎಂದರ್ಥ, ಎರಡೂ ಕಾಲಿಗೆ ಬೇರೆ ಬೇರೆ ಲೆಕ್ಕ ಮಾಡಿ ನೋಡಿ.

ಇನ್ನೊಂದು. ಸ್ವದೇಶದಲ್ಲಿ ತೊಂದರೆಯಾದಾಗ ಬೇರೆಯವರು ಹಾಕಿದ ರಾಡ್ ಮುಟ್ಟಲು ಅನೇಕ ವೈದ್ಯರು ಹಿಂಜರಿಯುತ್ತಾರೆ. ಅವರನ್ನು ದೂರುವಂತಿಲ್ಲ. ಆ ರಾಡ್‌ನ ಉಪಕರಣ ಅವರ ಬಳಿ ಇರುವುದಿಲ್ಲ, ಕತ್ತರಿಸುವಾಗ ಏನು ನಡೆಯಿತೆಂದು ಗೊತ್ತಿರುವುದಿಲ್ಲ.

ಫಿಸಿಯೋಮಿತ್ರ

ಮೂಳೆ ವಿಷಯ ಮೇಲೆ ಚೆನ್ನಾಗಿ ಬಂದಿದೆ. ಆದರೆ ಜನ ಕೊನೆಗೆ ಸೋಲುವುದು ಹೆಚ್ಚಾಗಿ ಸ್ನಾಯುವಿನಲ್ಲಿ. ಮೂಳೆ ದಿನಕ್ಕೆ 1 ಮಿ.ಮೀ. ಒಪ್ಪಿಕೊಳ್ಳುತ್ತದೆ, ಸ್ನಾಯು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. 3 ಸೆಂ.ಮೀ. ದಾಟಿದ ಮೇಲೆ ಬಿಗಿತ ಜೋರಾಗುತ್ತದೆ. ಮೂರು ವಾರಕ್ಕೆ ಮನೆಗೆ ಕಳಿಸುವ ಪ್ಯಾಕೇಜ್‌ಗಳಲ್ಲಿ ಸರಿಯಾಗಿ ಆ ಕಷ್ಟದ ಹಂತಕ್ಕೇ ರೋಗಿ ಒಬ್ಬಂಟಿ.

ತೊಡೆಮೂಳೆ ಉದ್ದ ಮಾಡಿದಾಗ ಮೂರು ಕಡೆ ನೋಡಬೇಕು. ಮುಂದೊಡೆಯ ಸ್ನಾಯು ಬಿಗಿದರೆ ಮಂಡಿ ಮಡಚುವುದಿಲ್ಲ. ಹಿಂದೊಡೆಯ ಸ್ನಾಯು ಬಿಗಿದರೆ ಮಂಡಿ ನೆಟ್ಟಗಾಗುವುದಿಲ್ಲ. ಸೊಂಟದ ಮುಂಭಾಗದ ಸ್ನಾಯು, ಜೊತೆಗೆ ತೊಡೆಯ ಹೊರಬದಿಯ ಉದ್ದನೆಯ ಪಟ್ಟಿ ಬಿಗಿದರೆ ನಿಂತಾಗ ಹೊಟ್ಟೆ ಮುಂದೆ, ಪೃಷ್ಠ ಹಿಂದೆ ಹೋಗಿ ನಡು ಬಾಗುತ್ತದೆ, ಕಾಲು ಅಗಲಿಸಿಕೊಂಡು ಬಾತುಕೋಳಿ ನಡಿಗೆ ಬರುತ್ತದೆ.

ಇದರಲ್ಲಿ ಮಂಡಿ ನೆಟ್ಟಗಾಗದಿರುವುದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮಡಚುವಿಕೆ ತಿಂಗಳುಗಳಲ್ಲಿ ವಾಪಸ್ ಬರುತ್ತದೆ. ಬಾಗಿಯೇ ನಿಂತ ಮಂಡಿಯನ್ನು ನೆಟ್ಟಗೆ ಮಾಡುವುದು ಕಷ್ಟ, ಬಾಗಿದ ಮಂಡಿಯ ಮೇಲೆ ಎಳೆಯುತ್ತಲೇ ಹೋದರೆ ಮಂಡಿ ಕೀಲು ಹಿಂದಕ್ಕೆ ಜಾರಬಹುದು. ಹೀಗಾಗಲು ಸಾಮಾನ್ಯ ಕಾರಣವೇನು ಗೊತ್ತೇ? ಮಂಡಿ ಕೆಳಗೆ ಇಟ್ಟುಕೊಳ್ಳುವ ದಿಂಬು. ಹಾಯ್ ಎನಿಸುತ್ತದೆ, ಹಾಗಾಗಿ ಇಟ್ಟುಕೊಳ್ಳುತ್ತಾರೆ, ಎಂಟು ಗಂಟೆ ಮಂಡಿ ಬಾಗಿಯೇ ಇರುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿ ಕೆಳಗೆ ಇಡಿ, ಮಂಡಿ ತಾನಾಗಿ ಕೆಳಗಿಳಿಯಲಿ. ರಾತ್ರಿ ಮಂಡಿ ನೆಟ್ಟಗಿಡುವ ಪಟ್ಟಿ ಕಟ್ಟಿಕೊಳ್ಳಿ.

ದಿನಚರಿ ಹೀಗಿರಲಿ. ವಾರಕ್ಕೆ ಐದು ದಿನ ಫಿಸಿಯೋಥೆರಪಿಸ್ಟ್ ಕೈಯಲ್ಲಿ ಸುಮಾರು ಒಂದು ಗಂಟೆ. ಅದು ಬಿಟ್ಟು ದಿನಕ್ಕೆ ಮೂರು ನಾಲ್ಕು ಸಲ ಸ್ವಂತವಾಗಿ. ಪ್ರತಿ ಎಳೆತ 30 ಸೆಕೆಂಡು ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು. ಜೋರಾಗಿ ಜಗ್ಗಿ ಬಿಡುವುದರಿಂದ ಸ್ನಾಯು ಇನ್ನಷ್ಟು ಸೆಟೆದುಕೊಳ್ಳುತ್ತದೆ. ದಿನಕ್ಕೆ ಎರಡು ಮೂರು ಸಲ 20 ನಿಮಿಷ ಬೋರಲು ಮಲಗಿ, ಸೊಂಟದ ಮುಂಭಾಗಕ್ಕೆ ಅದಕ್ಕಿಂತ ಸರಳ ಚಿಕಿತ್ಸೆ ಇಲ್ಲ. ಎಳೆಯುವ ಗುಂಡಿ ಒತ್ತುವ ಮುಂಚೆ ವ್ಯಾಯಾಮ, ಆಮೇಲೆ ಐಸ್.

ಕೋನ ಅಳೆಯಿರಿ, ಬರೆಯಿರಿ. ಮಂಡಿ ಪೂರ್ತಿ ನೆಟ್ಟಗೆ ಅಂದರೆ 0 ಡಿಗ್ರಿ. ಮಡಚುವಿಕೆ 45 ಡಿಗ್ರಿಗಿಂತ ಕೆಳಗಿಳಿದರೆ ಹಲವು ಶಸ್ತ್ರವೈದ್ಯರು ಎಳೆತ ನಿಧಾನ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ನಿನ್ನೆಗಿಂತ ಇವತ್ತು ಕಡಿಮೆ, ಮೊನ್ನೆಗಿಂತ ನಿನ್ನೆ ಕಡಿಮೆ ಎಂದು ಕಂಡ ಕೂಡಲೇ ವೈದ್ಯರಿಗೆ ಹೇಳಬೇಕು. 'ಇನ್ನು 1 ಸೆಂ.ಮೀ. ತಾನೇ' ಎಂದು ಹಲ್ಲು ಕಚ್ಚಿ ಮುಂದುವರಿಸಬೇಡಿ. ಆ ಕೊನೆಯ 1 ಸೆಂ.ಮೀ.ಯೇ ಎಲ್ಲಕ್ಕಿಂತ ದುಬಾರಿ. 6ರ ಬದಲು 5ಕ್ಕೆ ನಿಲ್ಲಿಸಿ ಸಲೀಸಾಗಿ ನಡೆಯುವವರನ್ನು ನೋಡಿ, 6 ಮುಟ್ಟಿ ಕುಂಟುವವರನ್ನೂ ನೋಡಿ, ಆಮೇಲೆ ಗುರಿ ಇಟ್ಟುಕೊಳ್ಳಿ.

ತ್ರಿಕೋನ

ಕೆಳಗಾಲು ಅಂದರೆ ಟಿಬಿಯಾ ಮಾಡಿಸುವವರಿಗೆ ಏನು ವ್ಯತ್ಯಾಸ? ಕಾಲಿನ ಸುತ್ತ ಹೊರಗೆ ಲೋಹದ ರಿಂಗ್ ಹಾಕಿ, ಪಿನ್‌ಗಳಿಂದ ಮೂಳೆಗೆ ಜೋಡಿಸಿ ಮಾಡುವುದು ಅಗ್ಗ ಅಂತಾರೆ.

ಫಿಸಿಯೋಮಿತ್ರ

ಟಿಬಿಯಾಕ್ಕೆ ವೇಗವೇ ಕಡಿಮೆ, ಸಾಮಾನ್ಯವಾಗಿ ದಿನಕ್ಕೆ 0.75. 5 ಸೆಂ.ಮೀ.ಗೆ 67 ದಿನ, ಮೊದಲ ವಾರ ಬೇರೆ. ಮೂಳೆ ಗಟ್ಟಿಯಾಗುವುದೂ ನಿಧಾನ, ಯಾಕೆಂದರೆ ಮುಂಭಾಗದಲ್ಲಿ ಅದರ ಮೇಲೆ ಸ್ನಾಯುವಿನ ಹೊದಿಕೆಯಿಲ್ಲ.

ಇಲ್ಲಿ ಶತ್ರು ಮೀನಖಂಡ. ಅದು ಬಿಗಿದರೆ ಹಿಮ್ಮಡಿ ನೆಲ ಮುಟ್ಟುವುದಿಲ್ಲ, ತುದಿಗಾಲಲ್ಲಿ ನಿಲ್ಲುವಂತಾಗುತ್ತದೆ. ಮಂಡಿ ನೆಟ್ಟಗಿಟ್ಟು ಪಾದವನ್ನು ಮೇಲೆತ್ತಿ ನೋಡಿ, ಆಮೇಲೆ ಮಂಡಿ ಮಡಚಿ ನೋಡಿ. ಮಡಚಿದಾಗ ಪಾದ ಮೇಲೆ ಬಂದು ನೆಟ್ಟಗಿಟ್ಟಾಗ ಬರದಿದ್ದರೆ ಬಿಗಿತ ಮೀನಖಂಡದ ಮೇಲ್ಪದರದಲ್ಲಿದೆ. ಎರಡರಲ್ಲೂ ಬರದಿದ್ದರೆ ಇನ್ನೂ ಆಳದಲ್ಲಿದೆ. ಪಾದವನ್ನು 90 ಡಿಗ್ರಿಯಲ್ಲಿ ಹಿಡಿದಿಡುವ ಪಟ್ಟಿಯನ್ನು ಮೊದಲ ದಿನದಿಂದಲೇ ರಾತ್ರಿ ಹಾಕಬೇಕು, ಬಿಗಿದ ಮೇಲೆ ಅಲ್ಲ. ಹಾಸಿಗೆಯ ಹೊದಿಕೆಯ ಭಾರಕ್ಕೂ ಪಾದ ಕೆಳಗೆ ಬಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ನರದ ಪರೀಕ್ಷೆ ದಿನಕ್ಕೆ ಎರಡು ಸಲ ಮಾಡಿ. ಕಾಲಿನ ಹೆಬ್ಬೆರಳನ್ನು ಮೇಲೆತ್ತಲು ಬರುತ್ತದೆಯೇ? ಹೆಬ್ಬೆರಳು ಮತ್ತು ಎರಡನೇ ಬೆರಳಿನ ಸಂದಿಯಲ್ಲಿ ಹತ್ತಿಯಿಂದ ಸವರಿದರೆ ಗೊತ್ತಾಗುತ್ತದೆಯೇ? ಜೋಮು, ಉರಿ ಬಂದು ಹೋಗುತ್ತಿದ್ದರೆ ಅದೇ ದಿನ ತಿಳಿಸಿ, ವೇಗ ಇಳಿಸುತ್ತಾರೆ. ಹೆಬ್ಬೆರಳು ಎತ್ತಲು ಬರದಿದ್ದರೆ ಎಳೆತ ನಿಲ್ಲಿಸಿ ಕೂಡಲೇ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.

ವಾರ್ಡ್_ಸಿಸ್ಟರ್

ರಿಂಗ್ ಬಗ್ಗೆ ನಾನು ಹೇಳುತ್ತೇನೆ. ರಿಂಗ್‌ನ ಸಲಾಕೆಗಳಲ್ಲಿ ತಿರುಪು 1 ಮಿ.ಮೀ. ಅಂತರದ್ದು, ನಟ್ಟನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೆ 1 ಮಿ.ಮೀ., ಕಾಲು ಸುತ್ತಿಗೆ 0.25. ಎಲ್ಲ ಸಲಾಕೆಗಳನ್ನೂ ಒಂದೇ ಸಮ ತಿರುಗಿಸಬೇಕು, ಒಂದನ್ನು ಮರೆತರೆ ಮೂಳೆ ಆ ಕಡೆಗೆ ವಾಲುತ್ತದೆ. ತಿರುಗಿಸಿದ ನಟ್ಟಿನ ಮುಖಕ್ಕೆ ಬಣ್ಣದ ಚುಕ್ಕೆ ಇಟ್ಟು, ಬೆಳಿಗ್ಗೆ ಎಲ್ಲ ಚುಕ್ಕೆಯೂ ಮುಂದೆ, ಮುಂದಿನ ಸರದಿಗೆ ಎಲ್ಲವೂ ಬಲಕ್ಕೆ ಎಂದು ಮಾಡಿಕೊಂಡರೆ ತಪ್ಪಿದ್ದು ಕಣ್ಣಿಗೆ ಬೀಳುತ್ತದೆ.

ಪಿನ್ ಚರ್ಮ ದಾಟುವ ಜಾಗದ ಆರೈಕೆ: ಮೊದಲ ಕಟ್ಟು 2-3 ದಿನ ಬಿಚ್ಚುವುದು ಬೇಡ. ಆಮೇಲೆ ಆಲ್ಕೋಹಾಲ್‌ನಲ್ಲಿ ಬೆರೆಸಿದ 2% ಕ್ಲೋರ್‌ಹೆಕ್ಸಿಡಿನ್‌ನಿಂದ ವಾರಕ್ಕೊಮ್ಮೆ ಒರೆಸಿ, ಒಂದೊಂದು ಪಿನ್‌ಗೂ ಹೊಸ ಗಾಜ್ ತುಂಡು, ಸ್ವಲ್ಪ ಒತ್ತಿ ಕಟ್ಟಬೇಕು. ಒತ್ತಿ ಕಟ್ಟುವುದು ಯಾಕೆಂದರೆ ಪಿನ್‌ನ ಸುತ್ತ ಚರ್ಮ ಜರುಗಾಡಿದರೆ ಸೋಂಕು ಬೇಗ ಬರುತ್ತದೆ. ಕೆಲವು ಕಡೆ ದಿನಾ ಒರೆಸಲು ಹೇಳುತ್ತಾರೆ, ನಿಮ್ಮ ವೈದ್ಯರು ಹೇಳಿದ್ದನ್ನೇ ಪಾಲಿಸಿ, ಎರಡನ್ನೂ ಬೆರೆಸಬೇಡಿ. ತಿಳಿನೀರು ಬರುವುದು ಸಹಜ. ಕೆಂಪಾಗಿ ಬಿಸಿಯಾಗಿ, ನೋವು ಹೆಚ್ಚಿ, ಕೀವು ಬಂದರೆ ಆ್ಯಂಟಿಬಯಾಟಿಕ್ ಬೇಕು. ಪಿನ್ ಅಲ್ಲಾಡುತ್ತಿದ್ದರೆ ಮಾತ್ರೆಯಿಂದ ಗುಣವಾಗುವುದಿಲ್ಲ, ಅದನ್ನು ತೆಗೆಯಬೇಕು.

ಒಳಗಿನ ರಾಡ್ ಆಗಲಿ ಹೊರಗಿನ ರಿಂಗ್ ಆಗಲಿ, ಮೊದಲ ದಿನಗಳ ಅಪಾಯದ ಲಕ್ಷಣಗಳು ಜೊತೆಗೆ ಇರುವವರಿಗೆ ಬಾಯಿಪಾಠ ಆಗಿರಬೇಕು. ರೋಗಿ ನೋವಿನ ಔಷಧಿಯ ಮಂಪರಿನಲ್ಲಿರುತ್ತಾರೆ, ಅವರಿಗೆ ತಿಳಿಯುವುದಿಲ್ಲ.

ಮೊದಲ 24ರಿಂದ 72 ಗಂಟೆಯಲ್ಲಿ ಉಸಿರಾಟ ವೇಗವಾಗಿ, ಮಾತು ತೊದಲಿ ಗಲಿಬಿಲಿಯಾಗಿ, ಎದೆ ಮೇಲೆ ಅಥವಾ ಕಂಕುಳಲ್ಲಿ ಸಣ್ಣ ಕೆಂಪು ಚುಕ್ಕೆ ಕಂಡರೆ ಮೂಳೆಯ ಕೊಬ್ಬು ರಕ್ತಕ್ಕೆ ಸೇರಿರಬಹುದು. ಎರಡೂ ತೊಡೆಮೂಳೆಯನ್ನು ಒಂದೇ ದಿನ ಕೊರೆದಾಗ ಈ ಅಪಾಯ ಹೆಚ್ಚು. ಕೊಟ್ಟ ಔಷಧಿಗೆ ಜಗ್ಗದ ನೋವು, ಕಾಲು ಕಲ್ಲಿನಂತೆ ಗಟ್ಟಿ, ಕಾಲ್ಬೆರಳನ್ನು ಬೇರೆಯವರು ಅಲುಗಾಡಿಸಿದರೆ ಚೀರುವಷ್ಟು ನೋವು ಬಂದರೆ ಸ್ನಾಯುಗಳನ್ನು ಸುತ್ತಿದ ಪೊರೆಯೊಳಗೆ ಒತ್ತಡ ಏರುತ್ತಿದೆ ಎಂದರ್ಥ, ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ ಆ ಪೊರೆಯನ್ನು ಬಿಚ್ಚಬೇಕು. ಆಮೇಲಿನ ವಾರಗಳಲ್ಲಿ ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದರೆ ಎದೆ ಚುಚ್ಚುವುದು ಕಂಡರೆ ಹೆಪ್ಪು. ಯುರೋಪಿನ ಒಕ್ಕೂಟದಲ್ಲೆಲ್ಲ ತುರ್ತು ಸಂಖ್ಯೆ 112. ಮೊದಲು ಅದಕ್ಕೆ, ಆಮೇಲೆ ಕ್ಲಿನಿಕ್‌ಗೆ.

ಹೆಪ್ಪು ತಡೆಯಲು ಎನಾಕ್ಸಪ್ಯಾರಿನ್ 40 ಮಿ.ಗ್ರಾಂ. ಚುಚ್ಚುಮದ್ದು ದಿನಕ್ಕೊಂದು ಕೊಡುವುದು ವಾಡಿಕೆ, ಕೆಲವರಿಗೆ ಮಾತ್ರೆ. ಚುಚ್ಚುವ ಕ್ರಮ: ಹೊಕ್ಕುಳಿನಿಂದ 5 ಸೆಂ.ಮೀ. ಆಚೆ, ಒಂದು ದಿನ ಎಡ, ಒಂದು ದಿನ ಬಲ. ಸಿರಿಂಜಿನಲ್ಲಿರುವ ಗಾಳಿಗುಳ್ಳೆಯನ್ನು ಹೊರಹಾಕಬೇಡಿ, ಹಾಕಲು ಹೋದರೆ ಔಷಧಿಯೂ ಚೆಲ್ಲುತ್ತದೆ. ಚರ್ಮವನ್ನು ಮಡಿಕೆ ಹಿಡಿದು ಸೂಜಿಯನ್ನು ನೆಟ್ಟಗೆ ಪೂರ್ತಿ ಇಳಿಸಿ, ನಿಧಾನ ಒತ್ತಿ, ಸೂಜಿ ಹೊರಬರುವವರೆಗೂ ಮಡಿಕೆ ಬಿಡಬೇಡಿ. ಆಮೇಲೆ ಉಜ್ಜಬೇಡಿ, ಉಜ್ಜಿದರೆ ನೀಲಿಗಟ್ಟುತ್ತದೆ. ಫ್ರಿಜ್‌ನಲ್ಲಿ ಇಡುವ ಅಗತ್ಯವಿಲ್ಲ, 25 ಡಿಗ್ರಿಯೊಳಗೆ ಇರಲಿ.

ತ್ರಿಕೋನ

ನೋವಿಗೆ ಐಬುಪ್ರೊಫೆನ್ ತೆಗೆದುಕೊಳ್ಳಬಹುದಾ? ಅಂಗಡಿಯಲ್ಲಿ ಚೀಟಿ ಇಲ್ಲದೇ ಸಿಗುತ್ತಲ್ಲ.

ವಾರ್ಡ್_ಸಿಸ್ಟರ್

ಕೇಳದೆ ಬೇಡ. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಜಾತಿಯ ಮಾತ್ರೆ ಮೂಳೆ ಬೆಳೆಯುವುದಕ್ಕೆ ಅಡ್ಡಿ ಮಾಡಬಹುದು ಎಂಬ ಕಾರಣಕ್ಕೆ ಬಹುಪಾಲು ಶಸ್ತ್ರವೈದ್ಯರು ಬೇಡ ಅನ್ನುತ್ತಾರೆ. ಹೆಪ್ಪು ತಡೆಯುವ ಔಷಧಿ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವೂ ಇದೆ. ಪ್ಯಾರಾಸಿಟಮಾಲ್ ಎಲ್ಲ ರೂಪದಲ್ಲೂ ಸೇರಿ ದಿನಕ್ಕೆ 4 ಗ್ರಾಂ. ಮೀರಬಾರದು, ನೆಗಡಿ ಮಾತ್ರೆಯೊಳಗೂ ಅದಿರುತ್ತದೆ.

ಟ್ರಾಮಡಾಲ್, ಮಾರ್ಫಿನ್ ಥರದ ಬಲವಾದ ನೋವಿನ ಔಷಧಿ ಶುರುವಾದ ದಿನವೇ ಮಲಬದ್ಧತೆಗೂ ಔಷಧಿ ಶುರು ಮಾಡಿ. ಮೂರು ದಿನ ಬಿಟ್ಟು ನೋಡೋಣ ಅಂದರೆ ಆಗಲೇ ತಡವಾಗಿರುತ್ತದೆ.

ಮೂಳೆಮಾತು

ಸಿಸ್ಟರ್ ಹೇಳಿದ್ದು ಸರಿ. ಒಂದೆರಡು ದಿನದ ಐಬುಪ್ರೊಫೆನ್ ಮೂಳೆಯನ್ನು ಹಾಳುಮಾಡುತ್ತದೆ ಎಂದು ಗಾಬರಿಯಾಗಬೇಕಿಲ್ಲ, ಈ ವಿಷಯದಲ್ಲಿ ವೈದ್ಯರಲ್ಲೇ ಭಿನ್ನಾಭಿಪ್ರಾಯವಿದೆ. ಆದರೆ ನಿಕೋಟಿನ್ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಿಗರೇಟ್, ವೇಪ್, ನಿಕೋಟಿನ್ ಗಮ್ ಯಾವುದೂ ಬೇಡ. ವಿಟಮಿನ್ ಡಿ ಮಟ್ಟವನ್ನು ಹೋಗುವ ಮುಂಚೆಯೇ ನೋಡಿಸಿ ಪ್ರತಿ ಮಿ.ಲೀ. ರಕ್ತಕ್ಕೆ 30 ನ್ಯಾನೋಗ್ರಾಂ ಮೇಲೆ ತಂದುಕೊಳ್ಳಿ. ಪ್ರೋಟೀನ್ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. ನೋವಿನಲ್ಲಿ ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ. ತೂಕ ಇಳಿಯುತ್ತಿರುವ ದೇಹ ಹೊಸ ಮೂಳೆಗೆ ಸಾಮಗ್ರಿ ಎಲ್ಲಿಂದ ತಂದೀತು?

ಗಾಲಿಕುರ್ಚಿ

ಕೋಣೆ ಹಿಡಿಯುವವರಿಗೆ. ಹೋಟೆಲ್‌ನವರು ವೀಲ್‌ಚೇರ್ ಬರುತ್ತದೆ ಎಂದರೆ ಮುಖ್ಯ ಬಾಗಿಲ ಮಾತಷ್ಟೇ ಆಗಿರುತ್ತದೆ. ಬಚ್ಚಲ ಬಾಗಿಲ ಅಗಲವನ್ನು ಟೇಪ್ ಹಿಡಿದು ಅಳೆದು ಫೋಟೋ ಕಳಿಸಲು ಕೇಳಿ. ವೀಲ್‌ಚೇರ್ ಅಗಲವೇ 65 ಸೆಂ.ಮೀ. ಹತ್ತಿರ, ಕೈ ಸವರದೆ ಹೋಗಲು 80 ಬೇಕು. ಸ್ನಾನಕ್ಕೆ ಟಬ್ ಇದ್ದರೆ ಬೇಡವೇ ಬೇಡ, ಮೆಟ್ಟಿಲಿಲ್ಲದ ಶವರ್, ಕೂರಲು ಕುರ್ಚಿ, ಕೈಯಲ್ಲಿ ಹಿಡಿಯುವ ಶವರ್ ಬೇಕು. ಕಮೋಡ್ ಎತ್ತರ 45ರಿಂದ 50 ಸೆಂ.ಮೀ., ಗಿಡ್ಡವಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು. ಮಂಡಿ ಮಡಚದಿದ್ದಾಗ ಗಿಡ್ಡ ಕಮೋಡ್‌ನಿಂದ ಏಳಲು ಆಗುವುದಿಲ್ಲ. ಕಟ್ಟಡದ ಲಿಫ್ಟ್ ಕೆಟ್ಟರೆ ಬೇರೆ ಲಿಫ್ಟ್ ಇದೆಯೇ ಎಂದೂ ಕೇಳಿ.

ವೀಲ್‌ಚೇರ್‌ಗೆ ಕಾಲು ಚಾಚುವ ಹಲಗೆ ಮೇಲೇಳುವಂತಿರಬೇಕು, ಕೈಯಾಸರೆ ಕಳಚುವಂತಿರಬೇಕು. ಕೈಯಾಸರೆ ಕಳಚಿದರೆ ಹಾಸಿಗೆಯಿಂದ ಕುರ್ಚಿಗೆ ಹಲಗೆ ಇಟ್ಟು ಜಾರಬಹುದು. ಬಿದ್ದ ವಸ್ತು ಎತ್ತುವ ಉದ್ದನೆಯ ಇಕ್ಕಳ ಒಂದಿರಲಿ. ರಾತ್ರಿ ಬಚ್ಚಲಿಗೆ ಅವಸರದಲ್ಲಿ ಹೋಗುವಾಗಲೇ ಜನ ಬೀಳುವುದು. ಹಾಸಿಗೆ ಪಕ್ಕದಲ್ಲಿ ಮೂತ್ರದ ಬಾಟಲಿ ಇಟ್ಟುಕೊಳ್ಳಲು ನಾಚಿಕೆ ಬೇಡ.

ಮತ್ತೊಂದು ಮಾತು, ಇದೂ ಚೇತರಿಕೆಯ ಭಾಗವೇ. ಎರಡು ತಿಂಗಳು ಒಂದೇ ಕೋಣೆ, ನಿದ್ದೆಗೇಡು, ಭಾಷೆ ಬಾರದ ಊರು. ಮನಸ್ಸು ಕುಸಿಯುತ್ತದೆ. ದಿನಕ್ಕೊಮ್ಮೆ ಹೊರಗಿನ ಬೆಳಕಿಗೆ ಹೋಗುವುದು, ವಾರಕ್ಕೊಮ್ಮೆಯಾದರೂ ಆಪ್ತಸಲಹೆಗಾರರ ಜೊತೆ ಮಾತಾಡುವುದು ವೇಳಾಪಟ್ಟಿಯಲ್ಲೇ ಇರಲಿ.

ಅಳತೆಪಟ್ಟಿ

ಎಲ್ಲರಿಗೂ ವಂದನೆ. ಕೊನೆಯದಾಗಿ ವಿಮಾನ ಪ್ರಯಾಣ ಮತ್ತು ಕಾಗದಪತ್ರ. ವಾಪಸ್ ಬರುವಾಗ ಏನೇನು ಕೈಯಲ್ಲಿರಬೇಕು?

ಪಾಸ್‌ಪೋರ್ಟ್_ಪುಟ

ವಿಮಾನ ಸಂಸ್ಥೆಗೆ ವೈದ್ಯರು ತುಂಬಿಕೊಡುವ ಮೆಡಿಫ್ ಎಂಬ ನಮೂನೆ ಇರುತ್ತದೆ, ಅದನ್ನು ಮುಂಚಿತವಾಗಿ ಕಳಿಸಿ ಒಪ್ಪಿಗೆ ಪಡೆಯಬೇಕು. ವೀಲ್‌ಚೇರ್ ಕೇಳುವಾಗ ಸಂಕೇತ ಸರಿಯಾಗಿ ಹೇಳಿ. ಡಬ್ಲ್ಯೂಸಿಎಚ್‌ಆರ್ ಅಂದರೆ ಮೆಟ್ಟಿಲು ಹತ್ತಬಲ್ಲವರು, ಡಬ್ಲ್ಯೂಸಿಎಚ್‌ಎಸ್ ಅಂದರೆ ಮೆಟ್ಟಿಲು ಆಗದು ಆದರೆ ಒಳಗೆ ನಡೆಯಬಲ್ಲರು, ಡಬ್ಲ್ಯೂಸಿಎಚ್‌ಸಿ ಅಂದರೆ ಸೀಟಿನವರೆಗೂ ಕೂರಿಸಿಯೇ ಒಯ್ಯಬೇಕು. ತಪ್ಪು ಸಂಕೇತ ಹೇಳಿದರೆ ವಿಮಾನದ ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ತುರ್ತು ಬಾಗಿಲ ಸಾಲಿನಲ್ಲಿ ಕೂರಲು ಬಿಡುವುದಿಲ್ಲ. ಓಣಿ ಬದಿಯ ಸೀಟು ಕೇಳಿ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ 4 ಗಂಟೆ ಮೀರಿದ ಹಾರಾಟ ಹೆಪ್ಪಿನ ಅಪಾಯವನ್ನು ಹೆಚ್ಚಿಸುತ್ತದೆ, ಮೂರು ವಾರಕ್ಕೆ ವಾಪಸ್ ಕಳಿಸುವ ಪ್ಯಾಕೇಜ್‌ಗೆ ಇದೂ ಒಂದು ಆಕ್ಷೇಪ. ಆ ದಿನದ ಚುಚ್ಚುಮದ್ದು ತಪ್ಪಿಸಬೇಡಿ.

ಔಷಧಿ ಎಲ್ಲವೂ ಕೈಚೀಲದಲ್ಲಿ, ಮೂಲ ಪೆಟ್ಟಿಗೆಯಲ್ಲಿ, ವೈದ್ಯರ ಪತ್ರದ ಜೊತೆ. ನಡುವೆ ಇಳಿಯುವ ದೇಶದ ನಿಯಮವನ್ನೂ ನೋಡಿ. ಯುಎಇಯಲ್ಲಿ ಟ್ರಾಮಡಾಲ್, ಕೋಡೀನ್ ನಿಯಂತ್ರಿತ ಔಷಧಿಗಳು, ಮುಂಚಿತ ಅನುಮತಿ ಬೇಕು. ಅಯಸ್ಕಾಂತದ ಯಂತ್ರ ಕೈಯಲ್ಲಿದ್ದರೆ ವಿಮಾನ ಸಂಸ್ಥೆಯನ್ನು ಕೇಳದೆ ಲಗೇಜಿಗೆ ಹಾಕಬೇಡಿ, ಬಲವಾದ ಅಯಸ್ಕಾಂತ ಸಾಗಿಸಲು ಪ್ರತ್ಯೇಕ ನಿಯಮಗಳಿವೆ.

ಮೂಳೆಮಾತು

ಕಾಗದಪತ್ರದಲ್ಲಿ ಮುಖ್ಯವಾದದ್ದು ಬಿಲ್ ಅಲ್ಲ, ಆಪರೇಷನ್ ಟಿಪ್ಪಣಿ. ಅದರ ಜೊತೆ ರಾಡ್‌ನ ಪೆಟ್ಟಿಗೆಯ ಸ್ಟಿಕ್ಕರ್: ಕಂಪನಿ, ಮಾದರಿ, ದಪ್ಪ, ಉದ್ದ, ಲಾಟ್ ಸಂಖ್ಯೆ. ಇದು ಯಾಕೆ ಬೇಕೆಂದರೆ, ಪೂರ್ತಿ ಭಾರ ಹಾಕಬಹುದಾದ ಸ್ಟ್ರೈಡ್ ಎಂಬ ಸ್ಟೀಲ್ ರಾಡ್ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, ರಾಡ್‌ನ ಎರಡು ಭಾಗ ಸೇರುವ ಜಾಗದಲ್ಲಿ ತುಕ್ಕು ಮತ್ತು ಸುತ್ತಲಿನ ಮೂಳೆಯಲ್ಲಿ ಬದಲಾವಣೆ ಕಂಡದ್ದರಿಂದ 2021ರಲ್ಲಿ ಮಾರುಕಟ್ಟೆಯಿಂದ ವಾಪಸಾಯಿತು. ಆಗ ತಮ್ಮ ಕಾಲಲ್ಲಿರುವುದು ಯಾವುದೆಂದು ಹೇಳಲು ಆ ಸ್ಟಿಕ್ಕರ್ ಇದ್ದವರಿಗೆ ಸುಲಭವಾಯಿತು. ಎಕ್ಸ್‌ರೇಗಳನ್ನು ಫೋನಿನ ಫೋಟೋದಲ್ಲಿ ಅಲ್ಲ, ಡೈಕಾಮ್ ಎಂಬ ಮೂಲ ವೈದ್ಯಕೀಯ ಚಿತ್ರದ ಫೈಲ್ ಆಗಿಯೇ ತನ್ನಿ, ಫೋಟೋದಲ್ಲಿ ಅಳತೆ ಸಿಗುವುದಿಲ್ಲ. ಎಳೆದ ದಿನಚರಿ, ಔಷಧಿ ಪಟ್ಟಿ, ಸೊಂಟದಿಂದ ಪಾದದವರೆಗೆ ನಿಂತು ತೆಗೆಸಿದ ಒಂದು ಉದ್ದ ಎಕ್ಸ್‌ರೇ ಕೂಡ. ತೊಡೆಮೂಳೆ ರಾಡ್‌ನ ಗುಂಟ ಉದ್ದವಾದಾಗ ಭಾರದ ರೇಖೆ 1 ಸೆಂ.ಮೀ.ಗೆ ಸುಮಾರು 1 ಮಿ.ಮೀ. ಹೊರಬದಿಗೆ ಸರಿಯುತ್ತದೆ, ಮುಂದೆ ಮಂಡಿ ನೋವು ಬಂದರೆ ಹೋಲಿಸಲು ಅದು ಬೇಕು.

ಸ್ವದೇಶದಲ್ಲಿ ನೋಡಿಕೊಳ್ಳುವ ಮೂಳೆವೈದ್ಯರನ್ನು ಹೋಗುವ ಮುಂಚೆಯೇ ಗೊತ್ತುಮಾಡಿ, ಇಬ್ಬರು ವೈದ್ಯರ ನಡುವೆ ಒಮ್ಮೆ ಮಾತಾಡಿಸಿ. ಬಂದ ಮೇಲೆ ತಿಂಗಳಿಗೊಮ್ಮೆ ಎಕ್ಸ್‌ರೇ. ಎರಡು ಕೋನದ ಚಿತ್ರಗಳಲ್ಲಿ ಕಾಣುವ ನಾಲ್ಕು ಅಂಚುಗಳಲ್ಲಿ ಮೂರಾದರೂ ಕೂಡಿಕೊಂಡ ಮೇಲೆಯೇ ಪೂರ್ತಿ ಭಾರ. ಅಲ್ಲಿಯವರೆಗೆ ವೈದ್ಯರು ಬರೆದಷ್ಟೇ ಕೆ.ಜಿ. ಅದನ್ನು ಕಲಿಯಲು ವಾಕರ್ ಹಿಡಿದು ಒಂದು ಕಾಲನ್ನು ತೂಕದ ಯಂತ್ರದ ಮೇಲಿಟ್ಟು, ಮುಳ್ಳು ಆ ಸಂಖ್ಯೆಗೆ ಬರುವವರೆಗೆ ಒತ್ತಿ, ಆ ಒತ್ತಡ ಕಾಲಿಗೆ ಹೇಗನ್ನಿಸುತ್ತದೆ ಎಂದು ದಿನವೂ ರೂಢಿ ಮಾಡಬೇಕು. ನೋವಿಲ್ಲ ಎಂದು ಊರುಗೋಲು ಬಿಟ್ಟವರಲ್ಲೇ ರಾಡ್ ಬಾಗುವುದು, ತಿರುಪು ಮುರಿಯುವುದು ಕಾಣುತ್ತದೆ. ನೋವು ಇಲ್ಲದಿರುವುದು ಮೂಳೆ ಗಟ್ಟಿಯಾದ ಗುರುತಲ್ಲ.

ಮೂಳೆ ಪೂರ್ತಿ ಗಟ್ಟಿಯಾದ ಮೇಲೆ, ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷಕ್ಕೆ, ರಾಡ್ ತೆಗೆಸಬೇಕು. ಅದಕ್ಕೆ ಆ ಕಂಪನಿಯದೇ ಹೊರತೆಗೆಯುವ ಉಪಕರಣ ಬೇಕಾಗುವುದರಿಂದ, ಮತ್ತೆ ಅದೇ ದೇಶಕ್ಕೆ ಹೋಗಬೇಕೋ ಇಲ್ಲೇ ಆಗುತ್ತದೋ ಎಂದು ಈಗಲೇ ಕೇಳಿ. ತೆಗೆದ ಮೇಲೂ ತಿರುಪಿನ ತೂತುಗಳು ತುಂಬುವವರೆಗೆ ನಾಲ್ಕರಿಂದ ಆರು ವಾರ ಓಟ, ಜಿಗಿತ ಬೇಡ.